ಪಟ್ಟಿಯ ಮೊದಲ ಹೋಟೆಲು, ಅರೆಹೊಟ್ಟೆಯ ಬೀಗರು

ಪರದೇಶಕ್ಕೆ ಹೊರಟವರು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವ ಮಾತು ಒಂದೇ. ಬೀಗರನ್ನು ಕರೆದುಕೊಂಡು ಹೋಗಬೇಡಿ. ಹೋಗಲೇಬೇಕೆಂದರೆ ಗಂಡನ ಮೊಬೈಲನ್ನಾದರೂ ಮನೆಯಲ್ಲಿ ಬಿಟ್ಟು ಹೋಗಿ. ನಾನು ಎರಡನ್ನೂ ಒಟ್ಟಿಗೆ ಕಟ್ಟಿಕೊಂಡು ಶ್ರೀಲಂಕಾಕ್ಕೆ ಹೋದೆ.

ನಾನು ಮಸ್ಕಿಯಲ್ಲಿ ಹೈಸ್ಕೂಲು ಟೀಚರು. ನಮ್ಮವರು ಅಲ್ಲೇ ಒಂದು ಬ್ಯಾಂಕಿನಲ್ಲಿದ್ದಾರೆ. ಒಬ್ಬಳೇ ಮಗಳು ಗೌತಮಿ, ಸಿಂಧನೂರಿನ ದವಾಖಾನೆಯಲ್ಲಿ ನರ್ಸು. ಲಿಂಗಸುಗೂರಿನ ದುರುಗಪ್ಪನವರ ಮಗನ ಜೊತೆ ಅವಳ ಮದುವೆ ಗೊತ್ತಾಗಿತ್ತು. ದುರುಗಪ್ಪನವರು ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದವರು, ಮಾತು ಕಡಿಮೆ, ಮೀಸೆ ದೊಡ್ಡದು. ಅವರ ಹೆಂಡತಿ ಹುಲಿಗೆಮ್ಮ. ಎರಡೂ ಮನೆಯವರು ಬುದ್ಧನಿಗೆ ನಡೆದುಕೊಳ್ಳುವವರಾದ್ದರಿಂದ ಮದುವೆಗೆ ಮೊದಲು ಹಿರಿಯರು ನಾಲ್ವರೂ ಅನುರಾಧಪುರದ ಬೋಧಿವೃಕ್ಷ ನೋಡಿ ಬರೋಣ ಎಂದು ಮಾತಾಯಿತು.

ನನ್ನ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು. ನಾಲ್ಕು ಸಲ ಎದುರು ಕೂತು ಚಹಾ ಕುಡಿದ ಮಾತ್ರಕ್ಕೆ ಮನುಷ್ಯ ಎಂಥವನು ಎಂದು ತಿಳಿಯುವುದಿಲ್ಲ. ಜೊತೆಯಲ್ಲಿ ಊರು ಸುತ್ತಿದರೆ ತಿಳಿಯುತ್ತದೆ. ನಮ್ಮ ಚಿಕ್ಕವ್ವನನ್ನು ಕೊಟ್ಟ ಮನೆಯಲ್ಲಿ ಉಪ್ಪು ಒಂದು ಹರಳು ಹೆಚ್ಚಾದರೂ ಊಟದ ತಾಟು ಅಂಗಳಕ್ಕೆ ಹಾರುತ್ತಿತ್ತು. ಅವಳು ಆಯುಷ್ಯವೆಲ್ಲ ಒಲೆಯ ಮುಂದೆ ಹೆದರಿಕೊಂಡೇ ಕಳೆದಳು. ಗೌತಮಿ ಹೋಗುವ ಮನೆಯ ಯಜಮಾನ ತಾಟಿನ ಮುಂದೆ ಹೇಗಿರುತ್ತಾರೆ ಎಂದು ನಾನು ಕಣ್ಣಾರೆ ನೋಡಬೇಕಿತ್ತು.

ಬೆಂಗಳೂರಿಗೆ ಹೋಗುವ ಬಸ್ಸಿನಲ್ಲೇ ರಂಪ ಶುರುವಾಯಿತು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿಗೆ ಸಿಂಧನೂರು ಮೊದಲೋ, ಮಸ್ಕಿ ಮೊದಲೋ? ನಮ್ಮವರು ಸಿಂಧನೂರು ಎಂದರು. ಮಸ್ಕಿಯ ಉಪ್ಪು ತಿಂದು ಸಿಂಧನೂರಿಗೆ ಮತ ಹಾಕುವ ಈ ಗಂಡಸಿಗೆ ಏನು ಹೇಳೋಣ! ದುರುಗಪ್ಪನವರನ್ನು ಕೇಳಿದೆವು. ನಮ್ಮ ಸೀಮೆಯ ಒಂದೊಂದು ಖಾನಾವಳಿಯಲ್ಲೂ ಉಂಡ ಮನುಷ್ಯ ಅವರು.

"ಎಲ್ಲಾ ಛೊಲೋ ಅವರಿ," ಎಂದರು. "ಅನ್ನಕ್ಕ ಹೆಸರಿಡಬಾರದು."

ಅಷ್ಟು ಹೇಳಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ಇದೇನು ದೊಡ್ಡತನವೋ ಬಿಗುಮಾನವೋ ನನಗೆ ತಿಳಿಯಲಿಲ್ಲ.

ನೆಗೊಂಬೊ

ವಿಮಾನ ಇಳಿದು ಹತ್ತಿರದ ಈ ಸಮುದ್ರದ ಊರಿಗೆ ಬಂದೆವು. ವ್ಯಾನಿನ ಡ್ರೈವರ್ ಸುನಿಲ್ ನಗುಮುಖದವನು, ಮುರುಕು ಹಿಂದಿ ಆಡುತ್ತಿದ್ದ. ಅವನು ಏನಾದರೂ ಹೇಳುವ ಮೊದಲೇ ನಮ್ಮವರು ಮೊಬೈಲು ತೆಗೆದರು. ಅದರಲ್ಲಿ ಊರಿನ ಹೋಟೆಲುಗಳ ಪಟ್ಟಿ. ಮೊದಲನೆಯದು ಯಾವುದು, ಎರಡನೆಯದು ಯಾವುದು, ಯಾರು ಎಷ್ಟು ನಕ್ಷತ್ರ ಕೊಟ್ಟರು, ಯಾರು ಯಾಕೆ ಬೈದರು.

"ಬೀಗರನ್ನ ಎಲ್ಲೆಂದರಲ್ಲಿ ಉಣ್ಣಸಾಕ ಬರತದೇನು? ಒಂದನೇ ನಂಬರಿಗೇ ಹೋಗಬೇಕು," ಎಂದರು.

ಅದನ್ನು ಮನೆಯವರ ವಾಟ್ಸಾಪ್ ಗುಂಪಿಗೂ ಹಾಕಿದರು. ತಕ್ಷಣ ಸಿಂಧನೂರಿನಿಂದ ನಮ್ಮ ಭಾವನವರ ಮಗ ಮೌನೇಶ ಧ್ವನಿ ಕಳಿಸಿದ. ಅವನೊಮ್ಮೆ ಶ್ರೀಲಂಕಾಕ್ಕೆ ಹೋಗಿ ಬಂದವನು. ಅಂದಿನಿಂದ ಆ ದೇಶ ತನ್ನ ಸ್ವಂತ ಹೊಲ ಎನ್ನುವಂತೆ ಮಾತಾಡುತ್ತಾನೆ.

"ಕಾಕಾ, ಅಲ್ಲಿ ಹೋಗಬ್ಯಾಡ್ರಿ. ಆ ಹೋಟೆಲಿನ್ಯಾಗ ಏನೂ ಇಲ್ಲ, ಬರೇ ಲೈಟ್ ಹಾಕ್ಯಾರ. ಬೀಚಿನ ಹಿಂದ ಒಂದು ಐತಿ, ಅದಕ್ಕ ಹೋಗ್ರಿ."

"ಅದು ಪಟ್ಟಿಯೊಳಗ ಹದಿನೆಂಟನೇದು ಐತಲೇ."

"ಪಟ್ಟಿ ಮಾಡಿದಾವ ಅಲ್ಲಿ ಉಂಡಾನೇನ್ರಿ?"

ಇದು ನಡುರಸ್ತೆಯಲ್ಲಿ, ಬಿಸಿಲಿನಲ್ಲಿ, ನಾವು ಮೂವರು ಹಸಿದು ನಿಂತಿರುವಾಗ. ಕೊನೆಗೆ ಒಂದನೇ ನಂಬರೇ ಗೆದ್ದಿತು. ಮೌನೇಶ ಹೇಳಿದಂತೆ ಲೈಟುಗಳಿದ್ದವು. ಏನು ತರಿಸೋಣ ಎಂದರೆ ದುರುಗಪ್ಪನವರು, "ನಮಗೇನು ಬ್ಯಾಡ್ರಿ, ನೀವು ಏನ ಹೇಳತೀರಿ ಅದ ಆಗಲಿ," ಎಂದರು. ಹುಲಿಗೆಮ್ಮ, "ಅವರು ಹೆಂಗಂತಾರ ಹಂಗ," ಎಂದರು. ನಮ್ಮವರು, "ಛೇ, ನಿಮ್ಮ ಮರ್ಜಿ ಹೇಳ್ರಿ," ಎಂದರು. ಆರ್ಡರು ಬರೆದುಕೊಳ್ಳಲು ಬಂದ ಹುಡುಗಿ ಎರಡು ಸಲ ಹೋಗಿ ಮೂರನೆಯ ಸಲ ಬಂದಳು.

ಅಂತೂ ಮೀನಿನ ಸಾರು, ಅನ್ನ ಬಂತು. ರುಚಿಯಾಗಿಯೇ ಇತ್ತು. ದುರುಗಪ್ಪನವರು ನಾಲ್ಕು ತುತ್ತು ಉಂಡು ಸುಮ್ಮನೆ ಕೂತರು. ಹುಡುಗಿ ಬಂದು ಸಾಕೇ ಎಂಬಂತೆ ಕೈಯಾಡಿಸಿದಳು. ಅವರು ನಮ್ಮ ಪದ್ಧತಿಯಂತೆ ತಾಟಿನ ಮೇಲೆ ಅಂಗೈ ಹಿಡಿದು, "ಸಾಕವ್ವಾ," ಎಂದರು.

ನಮ್ಮ ಸೀಮೆಯಲ್ಲಿ ಆ ಅಂಗೈಗೆ ಏನು ಅರ್ಥ ಎಂಬುದು ಹಾಲುಗಲ್ಲದ ಕೂಸಿಗೂ ಗೊತ್ತು. ಇನ್ನೊಂದು ಸಲ ಕೇಳಿ, ಮತ್ತೊಂದು ಸಲ ಕೇಳಿ, ಕೊನೆಗೆ ಕೈಯ ಮೇಲೇ ಸುರಿಯಿರಿ ಎಂದು ಅರ್ಥ. ಆ ಹುಡುಗಿ ಪಾಪ, ನಕ್ಕು ತಾಟನ್ನೇ ಎತ್ತಿಕೊಂಡು ಹೋದಳು. ದುರುಗಪ್ಪನವರ ಅಂಗೈ ಬರೀ ಮೇಜಿನ ಮೇಲೆ ಉಳಿಯಿತು.

ವ್ಯಾನು ಹತ್ತುವಾಗ ನಮ್ಮವರು ಕೇಳಿದರು. "ಊಟ ಹೆಂಗಿತ್ರಿ ಬೀಗ್ರ?"

"ಭಾರಿ ಆಗಿತ್ತು."

ನಮ್ಮವರು ಹಿಗ್ಗಿ ಐದು ನಕ್ಷತ್ರ ಒತ್ತಿದರು.

ಕ್ಯಾಂಡಿ

ಗುಡ್ಡ, ಕೆರೆ, ತಂಪು ಗಾಳಿ. ನಮ್ಮ ಸೀಮೆಯ ಗೊರೇಬಾಳದ ಕಾಲುವೆ ಬದಿಯ ಗದ್ದೆ ಬಿಟ್ಟರೆ ಇಷ್ಟು ಹಸಿರನ್ನು ನಾನು ಒಟ್ಟಿಗೆ ಕಂಡಿರಲಿಲ್ಲ. ಕೆರೆಯ ದಂಡೆಯಲ್ಲಿ ಜನ ಮಾತಿಲ್ಲದೆ ನಡೆಯುತ್ತಾರೆ. ದೇವಸ್ಥಾನಕ್ಕೆ ಹೊರಟವರ ಕೈಯಲ್ಲಿ ಕಮಲದ ಹೂವು. ಅಂಗಡಿಯವನು ಹೂವಿನ ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ ಕೊಡುತ್ತಾನೆ. ಎಷ್ಟು ನೋಡಿದರೂ ಬೇಸರವಾಗದ ಕೆಲಸ. ಆದರೆ ನೋಡಲು ಬಿಟ್ಟರೆ ತಾನೆ? ನಮ್ಮವರದು ಹೂವಿನ ಅಂಗಡಿಗೂ ಬೆನ್ನು, ಕೆರೆಗೂ ಬೆನ್ನು. ಮಧ್ಯಾಹ್ನದ ಊಟಕ್ಕೆ ಎರಡು ಹೋಟೆಲುಗಳಲ್ಲಿ ಯಾವುದೆಂದು ಮೌನೇಶನ ಜೊತೆ ಫೋನಿನಲ್ಲಿ ತಕರಾರು ನಡೆದಿತ್ತು.

ನಮ್ಮ ವಸತಿಗೃಹದಲ್ಲಿದ್ದ ಜರ್ಮನಿಯ ಹೆಂಗಸೊಬ್ಬಳನ್ನೂ ಅವರು ಇದರಲ್ಲಿ ಎಳೆದಿದ್ದರು. ಅವಳು ಎಳ್ಳಷ್ಟೂ ಸಂಕೋಚವಿಲ್ಲದೆ, ಮೊದಲನೆಯದರಲ್ಲಿ ಬೇಳೆ ನೀರಾಗಿತ್ತು, ಎರಡು ನಕ್ಷತ್ರ ಕೊಟ್ಟೆ ಎಂದಳು. ಉಂಡ ಮನೆಯ ಮೇಲೆ ಹೀಗೆ ಹೇಳುತ್ತಾಳಲ್ಲ ಎಂದು ಹುಲಿಗೆಮ್ಮ ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. ನನಗೆ ಮಾತ್ರ ಆ ಹೆಂಗಸಿನ ಮೇಲೆ ಅಸೂಯೆಯೇ ಆಯಿತು. ಬೇಳೆ ನೀರಾಗಿದ್ದರೆ ನೀರಾಗಿದೆ ಎಂದುಬಿಡುವುದು ಎಷ್ಟು ಸುಖ!

ಕೊನೆಗೆ ಹೋದದ್ದು ಬಫೆ ಇದ್ದ ಹೋಟೆಲಿಗೆ. ಸಾಲಾಗಿ ಮಣ್ಣಿನ ಮಡಕೆಗಳು. ಹಲಸಿನಕಾಯಿ ಪಲ್ಯ, ಕುಂಬಳಕಾಯಿ, ತೆಂಗಿನಹಾಲಿನ ಬೇಳೆ, ಕೆಂಪಗಿನ ಕೊಬ್ಬರಿ ಚಟ್ನಿ. ಎದ್ದು ಹೋಗಿ ತಾಟು ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಬೇಕಾದ್ದು ಹಾಕಿಕೊಳ್ಳಬೇಕು.

ದುರುಗಪ್ಪನವರು ಏಳಲಿಲ್ಲ.

"ಬರ್ರಿ ಬೀಗ್ರ," ಎಂದರು ನಮ್ಮವರು.

"ನೀವು ಮಾಡ್ರಿ. ನನಗ ಹಸಿವಿಲ್ಲ."

ಹುಲಿಗೆಮ್ಮ ಎದ್ದು ಗಂಡನಿಗೂ ಸೇರಿಸಿ ಒಂದು ತಾಟಿನಲ್ಲಿ ತಂದರು. ಎಷ್ಟು ತಂದರು? ಗುಬ್ಬಿಗೆ ಹಾಕುವಷ್ಟು. ಹುಡುಗನ ತಾಯಿ ಹೆಣ್ಣಿನವರ ಎದುರಿಗೆ ತಾಟು ತುಂಬಿಕೊಂಡು ಬಂದಾಳೆಯೇ? ಅವರೇ ಅಷ್ಟು ತಂದ ಮೇಲೆ ಹುಡುಗಿಯ ತಾಯಿಯಾದ ನಾನು ಹೆಚ್ಚು ಹಾಕಿಕೊಳ್ಳಲು ಬರುತ್ತದೆಯೇ? ಹಲಸಿನಕಾಯಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ನಾನು ಎರಡು ಚಮಚ ಅನ್ನ ತಂದು ಕೂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಹಾಗಾಯಿತು ನಮ್ಮ ಬಾಳು.

ತಡೆಯಲಾರದೆ ಒಂದು ಸೌಟು ಬೇಳೆಯನ್ನು ಬಟ್ಟಲಿನಲ್ಲಿ ತಂದು ದುರುಗಪ್ಪನವರ ತಾಟಿನತ್ತ ಒಯ್ದೆ. ಮತ್ತೆ ಅದೇ ಅಂಗೈ, "ಸಾಕ್ರಿ." ಎರಡನೆಯ ಸಲ ಒತ್ತಾಯ ಮಾಡಲು ಬಾಯಿ ತೆರೆದಿದ್ದೆ. ಮೇಜಿನ ಕೆಳಗೆ ನಮ್ಮವರು ಕಾಲು ತುಳಿದರು.

"ಇದು ಫಾರಿನ್ನು. ಇಲ್ಲಿ ಜಬರದಸ್ತಿ ಮಾಡಬಾರದು, ಹಳ್ಳಿಯವರು ಅಂತಾರ," ಎಂದು ಕಿವಿಯಲ್ಲಿ ಹೇಳಿದರು.

ಸರಿ, ಬಟ್ಟಲು ಕೆಳಗಿಟ್ಟೆ. ಸಿಟ್ಟು ಮಾತ್ರ ಕೆಳಗಿಳಿಯಲಿಲ್ಲ. ಇಷ್ಟು ಮಡಕೆ ಎದುರಿಗಿದ್ದೂ ತಾಟು ನೂಕಿ ಮುಖ ಬಿಗಿದು ಕೂರುವ ಮನುಷ್ಯನ ಮನೆಯಲ್ಲಿ ನನ್ನ ಮಗಳು ನಾಳೆ ಏನು ಬೇಯಿಸಿ ಏನು ಬಡಿಸಿಯಾಳು? ಚಿಕ್ಕವ್ವನ ಮುಖ ಕಣ್ಣ ಮುಂದೆ ಬಂತು.

ಹೊರಗೆ ಬಂದ ಮೇಲೆ ಊಟ ಹೇಗಿತ್ತೆಂದು ಕೇಳಿದ್ದೂ ಆಯಿತು, ಭಾರಿ ಆಗಿತ್ತು ಎಂದದ್ದೂ ಆಯಿತು, ಐದು ನಕ್ಷತ್ರ ಒತ್ತಿದ್ದೂ ಆಯಿತು. ಊರಿನಿಂದ ಗುಂಪಿನ ತುಂಬ ಚಪ್ಪಾಳೆ. "ಪುಣ್ಯವಂತರು, ದಿನಾ ಒಂದನೇ ನಂಬರ್ ಊಟ," ಎಂದು ಯಾರೋ ಬರೆದರು. ನಾನು ರೂಮಿಗೆ ಹೋಗಿ ಚೀಲದಿಂದ ಶೇಂಗಾ ಹೋಳಿಗೆ ತೆಗೆದು, ನಿಂತುಕೊಂಡೇ ತಿಂದೆ.

ದಂಬುಲ್ಲಾ

ಗುಹೆಯೊಳಗಿನ ಬುದ್ಧ ಮಲಗಿದ ಭಂಗಿ ನೋಡಿದಾಗ ನನಗೆ ಸಮಾಧಾನವಾಗಬೇಕಿತ್ತು. ನಿಜ ಹೇಳುತ್ತೇನೆ, ಆ ಶಾಂತಿ ನೋಡಿ ಹೊಟ್ಟೆಕಿಚ್ಚಾಯಿತು. ಇವನಿಗೆ ಬೀಗರಿಲ್ಲ.

ಗುಡ್ಡ ಇಳಿಯುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಪಟ್ಟಿಯ ಮೊದಲ ಹೋಟೆಲಿಗೆ ಹೋದರೆ ಬಾಗಿಲು ಹಾಕಿತ್ತು. ಎರಡನೆಯದರ ಮುಂದೆ ಟೂರಿಸ್ಟ್ ಬಸ್ಸುಗಳ ಸಾಲು, ಕೂರಲು ಜಾಗವಿಲ್ಲ. ಅಷ್ಟರಲ್ಲಿ ಮೌನೇಶನ ಧ್ವನಿ.

"ನಾ ಹೇಳಿದ್ದು ಎಲ್ಲಿ ಕೇಳತೀರಿ ಕಾಕಾ? ಐದು ಕಿಲೋಮೀಟರ್ ಹಿಂದ ಹೋಗ್ರಿ, ಮಾವಿನ ಗಿಡದ ಕೆಳಗ ಒಂದು ಐತಿ."

"ಹೆಸರೇನಲೇ ಅದರದು?"

"ಹೆಸರು ಮರತೀನಿ. ಮಾವಿನ ಗಿಡ ಐತಿ."

ಶ್ರೀಲಂಕಾದಲ್ಲಿ ಮಾವಿನ ಗಿಡ ಹುಡುಕುವುದೆಂದರೆ ಸಿಂಧನೂರಿನಲ್ಲಿ ಭತ್ತದ ಗದ್ದೆ ಹುಡುಕಿದ ಹಾಗೆ. ಸುನಿಲ್ ಬಡಪಾಯಿ ವ್ಯಾನನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿದ. ಕೊನೆಗೆ ಪಟ್ಟಿಯ ಏಳನೆಯದರ ಮುಂದೆ ನಿಲ್ಲಿಸಿದ. ಅದೂ ಬಫೆಯೇ. ದುರುಗಪ್ಪನವರು ಕಿಟಕಿಯಿಂದ ಒಳಗೆ ನೋಡಿದರು. ಜನ ತಾಟು ಹಿಡಿದು ಸಾಲಿನಲ್ಲಿ ನಿಂತಿದ್ದರು.

"ನೀವು ಉಂಡು ಬರ್ರಿ. ನಾವು ಇಲ್ಲೇ ಗಾಡಿಯೊಳಗ ಕುಂದರತೀವಿ," ಎಂದರು.

ನಮ್ಮವರ ಮುಖ ಬಿಳಿಚಿತು. ನಮ್ಮಲ್ಲಿ ಬೀಗರು ಜೊತೆಯಲ್ಲಿ ಉಣ್ಣುವುದಿಲ್ಲ ಎಂದರೆ ಅದಕ್ಕಿಂತ ದೊಡ್ಡ ಮಾತು ಉಳಿಯುವುದಿಲ್ಲ. ಪಂಕ್ತಿಯಿಂದ ಎದ್ದ ಬೀಗರ ಕತೆಯನ್ನು ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ.

"ನಮ್ಮಿಂದ ಏನರ ತಪ್ಪಾಗೇತೇನ್ರಿ?" ಎಂದು ನಮ್ಮವರು ಕೈ ಮುಗಿದರು.

"ಏನೂ ಇಲ್ರಿ. ಹಸಿವಿಲ್ಲ, ಅಷ್ಟ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ನಾನು ಅಲ್ಲಿ ನಿಲ್ಲಲಾರದೆ ಹೋಟೆಲಿನ ಹಿಂದಿನ ಗಿಡದ ನೆರಳಿಗೆ ಹೋಗಿ ಮಗಳಿಗೆ ಫೋನು ಹಚ್ಚಿದೆ.

"ಗೌತಮಿ, ಈ ಸಂಬಂಧ ಇನ್ನೊಂದು ಸಲ ವಿಚಾರ ಮಾಡಬೇಕವ್ವಾ."

"ಏನಾತಬೇ?"

"ನಿಮ್ಮ ಮಾವನ ಸ್ವಭಾವ ನನಗ ತಿಳಿಯವಲ್ದು. ತಾಟು ಕಂಡರ ಮುಖ ಗಂಟು ಹಾಕ್ಕೋತಾರ. ಒಳಗ ಸಿಟ್ಟಿನ ಮನಷ್ಯಾ ಇದ್ದಂಗ ಕಾಣತದ. ಚಿಕ್ಕವ್ವಂದು ನೋಡೀಯಲ್ಲ?"

ಅವಳು ಅತ್ತ ಯಾರಿಗೋ ಬಂದೆ ಎಂದು ಕೂಗಿದಳು. ಆಮೇಲೆ, "ನಾ ಡ್ಯೂಟಿಯೊಳಗ ಇದ್ದೀನಿ. ಊರಿಗೆ ಬಾ, ನೀ ಹೇಳಿದಂಗ ಕೇಳತೀನಿ," ಎಂದಳು. ಒಪ್ಪಿ ಹೇಳಿದಳೋ ಬೇಸತ್ತು ಹೇಳಿದಳೋ. ಆ ಹುಡುಗನನ್ನು ಅವಳು ಮೆಚ್ಚಿಕೊಂಡವಳು. ನನ್ನ ಒಂದು ಮಾತಿಗೆ ಬಿಟ್ಟುಬಿಡಲು ತಯಾರಾದಳಲ್ಲ ಎಂದು ನನಗೆ ಸಂಕಟವಾಯಿತು. ಆ ಮಧ್ಯಾಹ್ನ ಯಾರೂ ಉಣ್ಣಲಿಲ್ಲ. ಸುನಿಲ್ ಒಬ್ಬ ಹೋಗಿ ಉಂಡು ಬಂದ.

ಅನುರಾಧಪುರ, ಬೆಳಗ್ಗೆ

ಚಪ್ಪಲಿ ಬಿಟ್ಟು ಮರಳಿನ ಮೇಲೆ ನಡೆದೆವು. ಎಲ್ಲರೂ ಬಿಳಿ ಬಟ್ಟೆ. ಬೋಧಿವೃಕ್ಷ ನಾನು ನೆನೆಸಿದಷ್ಟು ದೊಡ್ಡದಿರಲಿಲ್ಲ. ಮುದಿ ಕೊಂಬೆಗಳಿಗೆ ಊರುಗೋಲಿನಂತೆ ಕಂಬ ಕೊಟ್ಟಿದ್ದರು. ಗಂಡಸರಿಬ್ಬರೂ ಪ್ರದಕ್ಷಿಣೆಗೆ ಹೋದರು. ಹುಲಿಗೆಮ್ಮ ನನ್ನ ಪಕ್ಕದಲ್ಲಿ ಕೂತರು. ಕೂತವರು ಮೆಲ್ಲಗೆ ಅಳತೊಡಗಿದರು.

"ಅಕ್ಕಾ, ನಿಮಗ ಸಿಟ್ಟು ಬಂದೈತಿ. ನನಗ ಗೊತ್ತಾಗೈತಿ. ಅವರು ಸಿಟ್ಟಿಗೆ ಉಪವಾಸ ಕುಂತಿಲ್ರಿ."

"ಮತ್ತ್ಯಾಕ್ರಿ?"

"ಸಣ್ಣವರಿದ್ದಾಗ ಅವರ ಊರಾಗ ದೊಡ್ಡ ಮನಿ ಲಗ್ನ ಆದರ ನಮ್ಮ ಓಣಿಯವರನ್ನ ಕಡೀಗೆ ಕರೀತಿದ್ರಂತ. ಹೊರಗ, ದನದ ಕೊಟ್ಟಿಗಿ ಹತ್ರ, ತಾಟು ಹಿಡದು ಸಾಲಾಗಿ ನಿಂದರಬೇಕು. ಪಂಕ್ತಿಯೊಳಗ ಉಳದದ್ದು ಮ್ಯಾಲಿಂದ ಹಾಕತಿದ್ರು. ಇವರು ಅಪ್ಪನ ಧೋತರ ಹಿಡಕೊಂಡು ಆ ಸಾಲಿನ್ಯಾಗ ನಿಂತವರು. ನೌಕರಿ ಹತ್ತಿದ ದಿನಾ ಅಪ್ಪಗ ಮಾತು ಕೊಟ್ಟಾರ. ಇನ್ನ ಮ್ಯಾಲ ತಾಟು ಹಿಡದು ಯಾವ ಸಾಲಿನ್ಯಾಗೂ ನಿಂದರಾಂಗಿಲ್ಲ, ಅನ್ನ ಕೇಳಾಂಗಿಲ್ಲ ಅಂತ. ಖಾನಾವಳಿಯೊಳಗ ಕುಂತ ಕಡೆ ತಂದು ಹಾಕತಾರ, ಬ್ಯಾಡಂದರೂ ಹಾಕತಾರ. ಅಲ್ಲಿ ಹೊಟ್ಟಿತುಂಬ ಉಣತಾರ. ಈಗಿನ ಲಗ್ನದಾಗ ಬಫೆ ಇದ್ದರ ಅಕ್ಕಿಕಾಳು ಹಾಕಿ ಮನಿಗೆ ಬಂದುಬಿಡತಾರ."

"ಇದನ್ನ ಮೊದಲ ದಿನಾನ ಹೇಳಬಾರದೇನ್ರಿ?"

"ಬೀಗರ ಮುಂದ ಇದನ್ನ ಹೆಂಗ ಹೇಳೋದು ಅಕ್ಕಾ?"

ನಮ್ಮಜ್ಜನೂ ಅಂಥದೇ ಸಾಲಿನಲ್ಲಿ ನಿಂತವನು. ನಮ್ಮ ಮನೆಯಲ್ಲಿ ಎರಡು ಪಗಾರ ಬರತೊಡಗಿದ ಮೇಲೆ ಆ ಮಾತು ಆಡುವುದನ್ನೇ ಬಿಟ್ಟಿದ್ದೆವು, ಅಷ್ಟೇ. ಆ ಸಾಲನ್ನು ಮೈಯಲ್ಲೇ ಇಟ್ಟುಕೊಂಡ ಮನುಷ್ಯನನ್ನು ನಾನು ತಾಟು ಎಸೆಯುವ ಗಂಡಸಿನ ಜೊತೆ ತೂಗಿದ್ದೆ. ಇನ್ನೊಂದೂ ನೆನಪಾಯಿತು. ಮಗಳ ಮದುವೆಗೆ ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ ನಾವು ಬಫೆ ಹೇಳಿಬಿಟ್ಟಿದ್ದೆವು. ಹುಡುಗನ ಅಪ್ಪನೇ ಮಗನ ಮದುವೆಯಲ್ಲಿ ಉಪವಾಸ ಕೂರುತ್ತಿದ್ದರು, ಕೇಳಿದರೆ ಭಾರಿ ಆಗಿತ್ತು ಎನ್ನುತ್ತಿದ್ದರು.

ನಮ್ಮವರು ಪ್ರದಕ್ಷಿಣೆ ಮುಗಿಸಿ ಬಂದೊಡನೆ ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವರು ಮೊಬೈಲಿನಲ್ಲಿದ್ದ ಹೋಟೆಲುಗಳ ಪಟ್ಟಿಯನ್ನು ಮುಚ್ಚಿದರು. ಆಮೇಲೆ ಮದುವೆಯ ಅಡುಗೆಯವರಿಗೆ ಫೋನು ಮಾಡಿ, ಬಫೆ ಬೇಡ, ಪಂಕ್ತಿ ಹಾಕಿಸಿ ಎಂದರು. ನಾನು ಗೌತಮಿಗೆ, ಅಂದದ್ದೆಲ್ಲ ಮರೆತುಬಿಡು ಎಂದು ಮೆಸೇಜು ಹಾಕಿದೆ.

ಅನುರಾಧಪುರ, ಮಧ್ಯಾಹ್ನ

ವಸತಿಗೃಹದ ಊಟದ ಮನೆಯಲ್ಲೂ ಅವೇ ಮಡಕೆಗಳ ಸಾಲು. ದುರುಗಪ್ಪನವರು ಹೋಗಿ ಮೂಲೆಯ ಕುರ್ಚಿಯಲ್ಲಿ ಕೂತರು, "ಹಸಿವಿಲ್ಲ," ಎನ್ನಲು ಬಾಯಿ ತೆರೆದರು. ನಾನು ಆ ಮಾತಿಗೆ ಕಾಯಲಿಲ್ಲ. ದೊಡ್ಡ ತಾಟು ತೆಗೆದುಕೊಂಡು ಅನ್ನ, ಬೇಳೆ, ಬದನೆಕಾಯಿ, ಮೀನು ಎಲ್ಲ ಹಾಕಿ ತಂದು ಅವರ ಮುಂದಿಟ್ಟೆ. ಅವರು ಒಮ್ಮೆ ಹೆಂಡತಿಯ ಮುಖ ನೋಡಿದರು. ಹುಲಿಗೆಮ್ಮ ತಲೆ ತಗ್ಗಿಸಿದರು. ದುರುಗಪ್ಪನವರಿಗೆ ಎಲ್ಲ ತಿಳಿಯಿತು.

ತಲೆಯೆತ್ತದೆ ಉಣ್ಣತೊಡಗಿದರು. ತಾಟು ಅರ್ಧವಾಗುತ್ತಲೇ ಅನ್ನದ ಬಟ್ಟಲು ಹಿಡಿದು ನಿಂತೆ. ಅಂಗೈ ಬಂತು.

"ಸಾಕ್ರಿ."

"ಇನ್ನೊಂದು ಸೌಟು."

"ಸಾಕಂದ್ರ ಸಾಕ್ರಿ."

"ನಮ್ಮ ಊರಾಗ ಬೀಗರು ಇಷ್ಟ ಉಂಡು ಎದ್ದರ ನಗತಾರ್ರಿ," ಎಂದು ಕೈಯ ಮೇಲೇ ಹಾಕಿದೆ. ಬೆರಳ ಸಂದಿಯಿಂದ ಅನ್ನ ತಾಟಿಗೆ ಬಿತ್ತು. ಪಕ್ಕದ ಮೇಜಿನ ಪರದೇಶಿಗಳು ಕೈಯಲ್ಲಿನ ಚಮಚ ಹಾಗೇ ಹಿಡಿದು ನೋಡಿದರು. ಬಡಿಸುವವನೊಬ್ಬ ಗಾಬರಿಯಿಂದ ಓಡಿ ಬಂದ. ನಾನು ಶಾಲೆಯಲ್ಲಿ ಕೊನೆಯ ಬೆಂಚಿನವರನ್ನು ನೋಡುವಂತೆ ಅವನನ್ನು ನೋಡಿದೆ, ಅವನು ಹಿಂದೆ ಸರಿದ. ನಮ್ಮವರು ಹಪ್ಪಳದ ಬುಟ್ಟಿಯನ್ನೇ ಎತ್ತಿಕೊಂಡು ಬಂದು, "ತಗೋರಿ ಬೀಗ್ರ, ಬ್ಯಾಡ ಅನ್ನಬ್ಯಾಡ್ರಿ," ಎಂದು ಬೆನ್ನು ಹತ್ತಿದರು. ಹಳ್ಳಿಯವರು ಎಂದು ಯಾರಾದರೂ ಅಂದಿದ್ದರೆ ಅನ್ನಲಿ. ಮೂರು ಸಲ ಬಡಿಸಿದೆ. ಮೂರು ಸಲವೂ ಬೇಡವೆಂದರು, ಮೂರು ಸಲವೂ ಉಂಡರು. ಅವರು ಆಮೇಲೆ ಗಟ್ಟಿಯಾಗಿ ತೇಗಿದಾಗ ನನ್ನ ಕಣ್ಣಲ್ಲಿ ನೀರು ಬಂತು.

ಇನ್ನು ನಾವೂ ಉಣ್ಣೋಣ ಎಂದು ನಾನು ಬಟ್ಟಲು ಕೆಳಗಿಟ್ಟೆ. ಆಗ ದುರುಗಪ್ಪನವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು.

"ಕುಂದರ್ರಿ ತಂಗೀ. ನೀವೂ ಉಂಡಿಲ್ಲ."

"ಅಯ್ಯ, ನೀವ್ಯಾಕ್ರಿ? ನಾನ ಹಾಕ್ಕೊಂಡು ಬರತೀನಿ."

"ಕುಂದರ್ರಿ," ಎಂದರು ಮತ್ತೆ.

ಹುಲಿಗೆಮ್ಮ ಗಂಡನ ಕೈ ಹಿಡಿಯಲು ಹೋಗಿ ಬಿಟ್ಟರು. ಅವರು ಖಾಲಿ ತಾಟು ತೆಗೆದುಕೊಂಡರು. ಅಷ್ಟರಲ್ಲಿ ಬಸ್ಸೊಂದರ ಜನ ಬಂದು ಸಾಲು ಬಾಗಿಲತನಕ ಬೆಳೆದಿತ್ತು. ಆ ಸಾಲಿನ ಕೊನೆಗೆ ಹೋಗಿ, ಚಡ್ಡಿ ಹಾಕಿದ ಎತ್ತರದ ಬಿಳಿಯರ ಹಿಂದೆ, ಬಿಳಿ ಪೈಜಾಮದ ಆ ಮನುಷ್ಯ ತಾಟು ಹಿಡಿದು ನಿಂತರು. ತಾಟನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಿದ್ದರು. ನಮ್ಮವರು ಎದ್ದು ಹೋಗಿ ಬಿಡಿಸಿಕೊಂಡು ಬರಲೇ ಎಂದು ಕಣ್ಣಲ್ಲಿ ಕೇಳಿದರು. ಹುಲಿಗೆಮ್ಮ ಬೇಡವೆಂದು ತಲೆಯಾಡಿಸಿದರು. ಸಾಲು ಒಂದೊಂದು ಹೆಜ್ಜೆ ಸರಿಯಿತು. ಅವರೂ ಸರಿದರು.

ತಾಟು ತಂದು ನನ್ನ ಮುಂದಿಟ್ಟರು. ಅನ್ನದ ಮೇಲೆ ಅನ್ನ, ಬೇಳೆಯ ಮೇಲೆ ಪಲ್ಯ, ಅಂಚಿನಲ್ಲಿ ಎರಡು ಮೀನು.

"ಇಷ್ಟು ಆಗಾಂಗಿಲ್ಲ ಅಣ್ಣಾ," ಎಂದೆ, ತಾಟಿನ ಮೇಲೆ ಅಂಗೈ ಹಿಡಿದು.

"ನಮ್ಮ ಮನಿಗೆ ಮಗಳನ್ನ ಕೊಡಾಕತ್ತೀರಿ. ನಾ ನಿಮಗ ಬಡಸಬಾರದೇನು?" ಎಂದರು. "ಉಣ್ರಿ."

ನಾನು ಒಂದು ಅಗುಳೂ ಬಿಡದೆ ಉಂಡೆ.